ಡೊಳ್ಳಿನ ಸಪ್ಪಳ ಕೇಳುವ ತನಕ

ಗೋವಾದ ಆ ರಿಸಾರ್ಟಿನ ಬಾಗಿಲಲ್ಲಿ ನಾವು ಹನ್ನೊಂದು ಜನ ನಿಂತಿದ್ದೆವು. ರಬಕವಿಯವರು ನಾಲ್ವರು, ಬನಹಟ್ಟಿಯವರು ಐವರು, ಜಮಖಂಡಿಯ ಅರಿವೆ ಅಂಗಡಿಯ ಹಿರಿಯರೊಬ್ಬರು, ಮುಧೋಳದ ನೂಲಿನ ವ್ಯಾಪಾರಿಯೊಬ್ಬ. ಎಲ್ಲರ ತಲೆಯ ಮೇಲೂ ನೂಲಿನ ಕಂಪನಿಯವರು ಕೊಟ್ಟ ಹಳದಿ ಟೋಪಿ. ಜಮಖಂಡಿಯ ಹಿರಿಯರು ಮಾತ್ರ ತಮ್ಮ ಬಿಳಿ ಗಾಂಧಿ ಟೋಪಿಯನ್ನು ತೆಗೆಯಲು ಒಪ್ಪದೆ ಅದರ ಮೇಲೆಯೇ ಕಂಪನಿಯ ಟೋಪಿ ಏರಿಸಿಕೊಂಡಿದ್ದರು.

ರಬಕವಿ-ಬನಹಟ್ಟಿ ಆಗ ಇನ್ನೂ ಜಮಖಂಡಿ ತಾಲೂಕಿನೊಳಗೇ ಇತ್ತು. ಆ ವರ್ಷ ಹೆಚ್ಚು ನೂಲು ಒಯ್ದವರನ್ನು ಕಂಪನಿಯವರು ಮೂರು ದಿನ ಸಮುದ್ರ ತೋರಿಸಲು ಕರೆದೊಯ್ದಿದ್ದರು. ಒಮ್ಮೆ ಗೇಟು ದಾಟಿದರೆ ಮಲಗುವುದು, ಉಣ್ಣುವುದು, ಈಜುವುದು, ಕುಡಿಯುವುದು ಎಲ್ಲವೂ ಕಂಪನಿ ಕಟ್ಟಿದ ರೊಕ್ಕದಲ್ಲೇ ಬಂತು ಎಂದು ಅವರ ಏಜೆಂಟ ಬನಹಟ್ಟಿಯಲ್ಲೇ ಹೇಳಿದ್ದ. ‘ಕುಡಿಯುವುದು’ ಎಂಬುದನ್ನು ಮಾತ್ರ ಸ್ವಲ್ಪ ತಡೆದು, ಬಾಗಿಲ ಕಡೆ ನೋಡಿ ಹೇಳಿದ್ದ.

ಆದರೆ ನಾವು ಹೋಗುವ ಹೊತ್ತಿಗೆ ನಿಯಮ ಬದಲಾಗಿತ್ತು. ಹಿಂದಿನ ವರ್ಷ ಯಾರೋ ಪ್ರವಾಸಿಯೊಬ್ಬ ಮಿತಿಮೀರಿ ಕುಡಿದು ನೀರಿಗಿಳಿದು, ಅರ್ಧಜೀವವಾಗಿ ಹೊರಗೆ ಬಂದಿದ್ದನಂತೆ. ಅಂದಿನಿಂದ ಕುಡಿತಕ್ಕೆ ಕಟ್ಟು ಹಾಕಿದ್ದರು. ಕೌಂಟರಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಬೋರ್ಡು. ಜಮಖಂಡಿಯ ಹಿರಿಯರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅದನ್ನು ನಮಗೆ ಕನ್ನಡ ಮಾಡಿ ಹೇಳಿದರು.

“ಮಧ್ಯಾಹ್ನ ಮೂರು ಗ್ಲಾಸು, ಸಂಜಿಗೆ ಮೂರು. ನೀಲಿ ಪಟ್ಟಿ ಕಟಗೊಂಡವರಿಗಷ್ಟ. ಯಾರ ಗ್ಲಾಸು ಅವರ ಬಂದ ಇಸಗೋಬೇಕು. ಖಾಲಿ ಗ್ಲಾಸು ತಿರುಗಿ ಕೊಟ್ಟಮ್ಯಾಲ ಮತ್ತೊಂದ. ಖೋಲಿಗೆ ಒಯ್ಯಂಗಿಲ್ಲ, ಇನ್ನೊಬ್ಬರಿಗೆ ಕೊಡಂಗಿಲ್ಲ. ಮಧ್ಯಾಹ್ನ ಮೂರಕ್ಕ ಬಂದ್. ಕುಡೀಲಾರದವರಿಗೆ ಬಿಳಿ ಪಟ್ಟಿ, ಅವರಿಗೆ ಎಳನೀರು.”

“ಇದೇನ್ರಿ, ರೇಶನ್ ಅಂಗಡ್ಯಾಗ ಸೀಮೆಎಣ್ಣಿ ಕೊಟ್ಟಂಗಾತಲ್ಲ!” ಎಂದ ಮುಧೋಳದವ. “ಡಬ್ಬಿ ತಂದ್ರ ತುಂಬಿ ಕೊಡತಾರೇನ ಕೇಳ್ರಿ.”

ನಗುತ್ತಲೇ ಒಬ್ಬೊಬ್ಬರಾಗಿ ಕೈ ಚಾಚಿ ಮಣಿಕಟ್ಟಿಗೆ ನೀಲಿ ಪಟ್ಟಿ ಕಟ್ಟಿಸಿಕೊಂಡೆವು. ಹತ್ತು ಕೈಗಳ ಸರದಿ ಮುಗಿಯಿತು. ಹನ್ನೊಂದನೆಯ ಕೈ ಬಿಳಿ ಪಟ್ಟಿಯ ಕಡೆ ಹೋಯಿತು.

ಅದು ನನ್ನ ಗೆಳೆಯನ ಕೈ. ನನಗಿಂತ ಹತ್ತು ವರ್ಷ ಚಿಕ್ಕವನು. ಅವನದು ಗಲಗಲಿಯ ಕುರಿಗಾರರ ಮನೆತನ, ಬೀರೇಶ್ವರನ ಒಕ್ಕಲು. ಆಣೆಕಟ್ಟಿನ ಹಿನ್ನೀರು ಹೊಲಕ್ಕೆ ಏರಿದ ಮೇಲೆ ಹೆಂಡತಿ, ಮಗಳ ಜೊತೆ ಬನಹಟ್ಟಿಗೆ ಬಂದು, ಮೊದಲು ಬೇರೆಯವರ ಮಗ್ಗದಲ್ಲಿ ದುಡಿದು, ಆಮೇಲೆ ತನ್ನವೇ ನಾಲ್ಕು ಪವರ್‌ಲೂಮ್ ಹಾಕಿಕೊಂಡವನು. ನೂಲು ಬನಹಟ್ಟಿಯ ನನ್ನ ಅಂಗಡಿಯಿಂದಲೇ ಒಯ್ಯುತ್ತಿದ್ದ. ಕುಡಿತ ಅವನನ್ನು ಒಂದು ಕಾಲಕ್ಕೆ ಎಷ್ಟು ಹಿಡಿದಿತ್ತೆಂದರೆ, ಮಗ್ಗ ನಡೆಯುತ್ತಿರುವಾಗಲೇ ಅದರ ಪಕ್ಕ ಬಿದ್ದಿರುತ್ತಿದ್ದ; ಎಳೆ ಹರಿದರೆ ಹೆಂಡತಿ ಅವನನ್ನು ದಾಟಿ ಹೋಗಿ ಗಂಟು ಹಾಕುತ್ತಿದ್ದಳು. ಒಂದು ಅಮಾವಾಸ್ಯೆಯ ದಿನ ಗಲಗಲಿಗೆ ಹೋಗಿ, ಕಂಬಳಿಯ ಮೇಲೆ ಕೂತು, ಬೀರೇಶ್ವರನ ಭಂಡಾರವನ್ನು ಅಂಗೈಯಲ್ಲಿ ಹಿಡಿದು “ಇನ್ನ ಮುಟ್ಟೂದಿಲ್ಲ” ಎಂದು ಹಿರಿಯರ ಮುಂದೆ ಹೇಳಿ ಬಂದಿದ್ದ. ಭಂಡಾರವೆಂದರೆ ಅರಿಸಿನದ ಪುಡಿಯೇ. ಆದರೆ ಅವರಲ್ಲಿ ಅದನ್ನು ಹಿಡಿದು ಆಡಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಮೂರು ವರ್ಷ ಅವನು ಮುಟ್ಟಿರಲಿಲ್ಲ.

ನಾವು ಹೊರಡುವ ಮುಂಜಾನೆ ಅವನ ಹೆಂಡತಿ ಬುತ್ತಿ ಕಟ್ಟಿಕೊಂಡು ವ್ಯಾನಿನವರೆಗೆ ಬಂದಿದ್ದಳು. ರೊಟ್ಟಿಯ ಗಂಟನ್ನು ಗಂಡನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟಳು.

“ಅಣ್ಣಾರ, ಅಲ್ಲೆಲ್ಲಾ ಅದ ಇರತೈತಂತ. ನೀವ ಜೋಡಿ ಅದೀರಂತ ಕಳಸಾಕತ್ತೇನ್ರಿ.”

“ನಾ ಅದೇನಿ ತಂಗಿ, ಚಿಂತಿ ಬಿಡು” ಎಂದೆ. ಹೀಗೆ ಹೇಳುವುದು ನನಗೆ ಸುಲಭ. ಮಾತು ನನಗೆ ಯಾವತ್ತೂ ಸುಲಭವೇ.

ಅದಕ್ಕೂ ಕಾರಣವುಂಟು. ನನ್ನ ಅಜ್ಜ, ನಾವು ಮುತ್ಯಾ ಎನ್ನುವವನು, ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರೆ, ಲಾಳಿ ಅತ್ತ ಹೋದಾಗ ಒಂದು ಮಾತು, ಇತ್ತ ಬಂದಾಗ ಒಂದು ಮಾತು; ಸೀರೆಯ ಸೆರಗು ಬರುವ ಹೊತ್ತಿಗೆ ಕಥೆಯೂ ಮುಗಿಯಬೇಕು. ಅವನ ಹೆಂಡತಿ ಆಯಿ ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಅವನು ಬಿಟ್ಟದ್ದನ್ನು ತುಂಬುವಳು. ನಾನು ಸಾಲಿಯಲ್ಲಿ ಕಲಿತದ್ದು ಕಡಿಮೆ, ಆ ಕುಣಿಯ ದಂಡೆಯಲ್ಲಿ ಕಲಿತದ್ದೇ ಹೆಚ್ಚು. ಮದುವೆಯಿರಲಿ, ದಿನಕರ್ಮವಿರಲಿ, ನಾಲ್ಕು ಜನ ಕೂಡಿದರೆ ಸಾಕು, “ಒಂದ ಕಥಿ ಬಿಡ್ರಿ” ಎನ್ನುವರು. ನಾನು ಬಿಡುವೆ. ಅದರಲ್ಲಿ ಮುತ್ಯಾನದೆಷ್ಟು, ನನ್ನದೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಬಿಳಿ ಪಟ್ಟಿಯ ಕಡೆ ಹೋದ ಆ ಕೈಯನ್ನು ಹಿಡಿದವನು ಮುಧೋಳದವ.

“ಏ ದೋಸ್ತಾ, ಬಿಳೇದ ತಗೊಂಡ್ರ ದಿನಾ ಆರು ಗ್ಲಾಸು ನೀರಾಗ ಹೋಗತಾವ! ಮೂರು ದಿನಕ್ಕ ಹದಿನೆಂಟು! ನೀ ಕುಡೀಬ್ಯಾಡೋ, ಯಾರು ಕುಡಿ ಅಂದ್ರು? ನೀಲಿ ಕಟಗೋ, ಇಸಗೊಂಡ ಬಾ, ನಮ್ಮ ಮುಂದ ಇಡು. ಅಷ್ಟ.”

“ಇಲ್ರಿ, ಮುಟ್ಟೂದಿಲ್ಲ ಅಂದೇನಿ. ಗ್ಲಾಸು ಹಿಡದ್ರ ಮುಟ್ಟಿದಂಗ ಆತಲ್ಲ?” ಎಂದ ಗೆಳೆಯ.

ಎಲ್ಲರೂ ನನ್ನ ಕಡೆ ನೋಡಿದರು. ಗಂಟು ಬಿಡಿಸುವ ಕೆಲಸ ಬಂದಾಗಲೆಲ್ಲ ಹಾಗೆ ನೋಡುವುದು ಅವರ ರೂಢಿ. ಆಗ ನಾನು “ಹುಡುಗ ಹೇಳೂದ ಖರೆ ಐತಿ, ಬಿಳೇದ ಕಟಗೋಲಿ ಬಿಡ್ರಿ” ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಒಂದು ಮಾತಿಗೆ ನನಗೆ ಎಷ್ಟು ಉಸಿರು ಬೇಕಿತ್ತು? ಆದರೆ ಹತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ಮತ್ತೆ, ಸುಳ್ಳೇಕೆ, ಆ ಹದಿನೆಂಟರಲ್ಲಿ ನನಗೂ ಎರಡು ಮೂರು ಬಂದಾವೆಂಬ ಆಸೆ ಇತ್ತು.

“ತಮ್ಮಾ, ನಮ್ಮ ಮುತ್ಯಾ ಒಂದ ಮಾತ ಹೇಳತಿದ್ದ” ಎಂದು ಶುರು ಮಾಡಿದೆ.

ನಿಂತ ನಿಂತಲ್ಲೇ ಹುಟ್ಟಿದ ಕಥೆ ಅದು. ಒಬ್ಬ ಕುರಿಗಾರ ಬೀರೇಶ್ವರನ ಮುಂದೆ ಭಂಡಾರ ಹಿಡಿದು, ಇನ್ನು ಮಾಂಸ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಒಂದು ವರ್ಷ ಕುರಿ ಹೊಡೆದುಕೊಂಡು ಘಟ್ಟ ಇಳಿದು ಕೊಂಕಣಕ್ಕೆ ಹೋದ. ಅಲ್ಲಿ ಜೋಳವಿಲ್ಲ, ರೊಟ್ಟಿಯಿಲ್ಲ. ಎಲ್ಲಿ ನೋಡಿದರೂ ಮೀನು. ಎಂಟು ದಿನ ಉಪವಾಸವಿದ್ದು ಒಂಬತ್ತನೆಯ ದಿನ ಅಳುತ್ತ ಒಂದು ಮೀನು ಬಾಯಿಗಿಟ್ಟ. ಅಂದು ಕನಸಿನಲ್ಲಿ ದೇವರು ಬಂದ. “ಯಾಕ ಅಳತೀಲೇ ಹುಚ್ಚಾ? ಇಲ್ಲಿಗೆ ನನ್ನ ಡೊಳ್ಳಿನ ಸಪ್ಪಳ ಕೇಳತೈತೇನ?” ಎಂದು ಕೇಳಿದ. “ಇಲ್ಲೋ ತಂದೆ” ಎಂದ ಕುರಿಗಾರ. “ಹಂಗಾರ ಕೇಳು. ಡೊಳ್ಳಿನ ಸಪ್ಪಳ ಕೇಳೂ ತನಕ ನನ್ನ ಸೀಮಿ. ಅದರಾಚಿಗಿ ಆಣೀನೂ ಇಲ್ಲ, ಪಾಪಾನೂ ಇಲ್ಲ.”

ಹೇಳುವಾಗ ದೇವರ ದನಿ ಬೇರೆ, ಕುರಿಗಾರನ ದನಿ ಬೇರೆ ಮಾಡಿದೆ. ಮೀನಿನ ಹತ್ತಿರ ಬಂದಾಗ ಗಂಟಲು ಸಣ್ಣ ಮಾಡಿದೆ. ಕೌಂಟರಿನ ಹುಡುಗಿಗೆ ನಮ್ಮ ಮಾತು ತಿಳಿಯದಿದ್ದರೂ ಪಟ್ಟಿ ಹಿಡಿದ ಕೈ ಹಾಗೆಯೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಗೆಳೆಯ ಕೇಳಿದ. “ನೀವು ನೇಕಾರರು. ನಮ್ಮ ದೇವರ ಮಾತು ನಿಮ್ಮ ಮುತ್ಯಾಗ ಹೆಂಗ ಗೊತ್ತಾತ್ರಿ?”

“ನಿಮ್ಮವರು ಹಟ್ಟಿ ಹಾಕಿದಾಗ ನಮ್ಮ ಅಂಗಳಕ್ಕ ನೀರಿಗೆ ಬರತಿದ್ರಲ್ಲ, ಅವರ ಹೇಳಿದ್ದು.”

ಜಮಖಂಡಿಯ ಹಿರಿಯರು ಎರಡೂ ಟೋಪಿ ಸೇರಿಸಿ ತಲೆ ಆಡಿಸಿದರು. “ಹೌದ ಹೌದು, ನಾನೂ ಸಣ್ಣಾಂವಿದ್ದಾಗ ಕೇಳೇನಿ.”

ಆಗಷ್ಟೇ ಹುಟ್ಟಿದ ಕಥೆಯನ್ನು ಅವರು ಸಣ್ಣವರಿದ್ದಾಗಲೇ ಕೇಳಿದ್ದರು! ನನಗೆ ನಗು ಬಂತು, ತಡೆದುಕೊಂಡೆ. ಗೆಳೆಯ ನೀಲಿ ಪಟ್ಟಿ ಕಟ್ಟಿಸಿಕೊಂಡ.

ಆ ಮೂರು ದಿನ ನಾನು ಕಂಡ ಒಂದು ಸಂಗತಿ ಹೇಳಬೇಕು. ಕಟ್ಟು ಹಾಕಿದ ಮೇಲೆ ಅಲ್ಲಿ ಯಾರೂ ಕಡಿಮೆ ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಒಂದು ಗ್ಲಾಸಿಗೆ ಸಾಕೆನ್ನುವವನು, ಮೂರು ತನ್ನವು ಎಂದು ತಿಳಿದ ಕೂಡಲೇ ಮೂರನ್ನೂ ಕುಡಿಯಲೇಬೇಕೆಂದು ಹೊರಡುತ್ತಿದ್ದ. ಎರಡೂವರೆಯಾಯಿತೆಂದರೆ ಕೌಂಟರಿನ ಮುಂದೆ ಸಾಲು. ಎಲ್ಲಿಂದಲೋ ಬಂದ ಗಂಡಸರು, ಹೆಂಗಸರು ಒದ್ದೆ ಬಟ್ಟೆಯಲ್ಲೇ ಈಜುಕೊಳದಿಂದ ಓಡಿ ಬಂದು, ಕೈಯಲ್ಲಿದ್ದುದನ್ನು ಔಷಧದಂತೆ ಒಂದೇ ಗುಟುಕಿಗೆ ಸುರುವಿಕೊಂಡು, ಖಾಲಿ ಗ್ಲಾಸು ಮುಂದೆ ಚಾಚುತ್ತಿದ್ದರು. ಮುಪ್ಪಿನ ಗಂಡಹೆಂಡಿರಿಬ್ಬರು ಇಡೀ ದಿನ ಸಮುದ್ರಕ್ಕೆ ಬೆನ್ನು ಹಾಕಿ ಗಡಿಯಾರ ನೋಡುತ್ತ ಕೂತಿದ್ದನ್ನು ನಾನೇ ಕಂಡೆ. ನಮ್ಮವರೂ ಅಷ್ಟೇ. ಸಮುದ್ರ ನೋಡಲು ಬಂದವರು ಬನಹಟ್ಟಿಗೆ ಹೋಗಿ ಹೇಳಿದ್ದೆಲ್ಲ ಗ್ಲಾಸಿನ ಸುದ್ದಿ.

ಮೊದಲ ದಿನ ಗೆಳೆಯ ಹೇಳಿದಂತೆ ಮಾಡಿದ. ಸಾಲಿನಲ್ಲಿ ನಿಂತು ಗ್ಲಾಸು ಇಸಿದುಕೊಂಡು, ತುಂಬಿದ ಕೊಡ ತರುವವನಂತೆ ಎರಡೂ ಕೈಯಲ್ಲಿ ಹಿಡಿದು ತಂದು ನಮ್ಮ ಮೇಜಿನ ಮೇಲೆ ಇಡುತ್ತಿದ್ದ. ಇಟ್ಟ ಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. “ದೇವರಂಥಾ ಮನಶ್ಯಾ” ಎಂದು ಮುಧೋಳದವ ಅವನ ಬೆನ್ನು ತಟ್ಟುತ್ತಿದ್ದ. ಅವನ ಮೊದಲ ಗ್ಲಾಸು ನನ್ನ ಪಾಲಿಗೇ ಬಂತು.

ಎರಡನೆಯ ದಿನ ಮಧ್ಯಾಹ್ನ ಅಲ್ಲಿಯ ಮೇಲ್ವಿಚಾರಕ ನಮ್ಮ ಮೇಜಿಗೆ ಬಂದ. ಮೀಸೆ ಇಲ್ಲದ, ಬಹಳ ಸೌಮ್ಯವಾಗಿ ಹಿಂದಿ ಮಾತಾಡುವ ಮನುಷ್ಯ. ಗೆಳೆಯ ಆಗತಾನೇ ಗ್ಲಾಸು ತಂದು ಇನ್ನೂ ಕೆಳಗೆ ಇಟ್ಟಿರಲಿಲ್ಲ.

“ಸಾಹೇಬರೇ, ಇವರು ತಾವು ಕುಡಿಯುವುದಿಲ್ಲ, ನಿಮಗೆ ತಂದು ಕೊಡುತ್ತಾರೆ. ನಾವು ನಿನ್ನೆಯಿಂದ ನೋಡುತ್ತಿದ್ದೇವೆ. ಹಾಗೆ ಮಾಡಿದರೆ ಇಡೀ ಗುಂಪಿನ ನೀಲಿ ಪಟ್ಟಿ ಕತ್ತರಿಸಬೇಕೆಂದು ನಮಗೆ ಹೇಳಿದ್ದಾರೆ.”

ಮುಧೋಳದವ ತನ್ನ ಮಣಿಕಟ್ಟನ್ನು ಮೇಜಿನ ಕೆಳಗೆ ಎಳೆದುಕೊಂಡ.

“ಯಾರ ಹೇಳಿದ್ರು? ಕುಡೀತಾನ್ರಿ ಆಂವ!” ಎಂದ ಒಬ್ಬ ಹಿಂದಿ ಕನ್ನಡ ಕೂಡಿಸಿ. “ಸಾವಕಾಶ ಕುಡೀತಾನ.”

“ಹಾಗಾದರೆ ಕುಡಿಯಲಿ” ಎಂದು ಮೇಲ್ವಿಚಾರಕ ನಗುತ್ತಲೇ ನಿಂತುಕೊಂಡ.

ಗೆಳೆಯ ಗ್ಲಾಸು ಹಿಡಿದೇ ನನ್ನನ್ನು ನೋಡಿದ. ಬೇರೆ ಯಾರನ್ನೂ ಅಲ್ಲ. ಅವನ ಹೆಂಡತಿಗೆ ನಾನು ಕೊಟ್ಟ ಮಾತು ನನಗೆ ಆಗ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಒಂಬತ್ತು ಜನ ಉಸಿರು ಹಿಡಿದು ಕೂತಲ್ಲಿ ನನಗೆ ಗಂಭೀರನಾಗಲು ನಾಚಿಕೆಯಾಯಿತು. ಚೇಷ್ಟೆ ಮಾಡಿ ಗಂಟು ಬಿಡಿಸುವುದೇ ನನ್ನ ಕೆಲಸವಲ್ಲವೇ?

“ಏನ್ ತಮ್ಮಾ, ಡೊಳ್ಳಿನ ಸಪ್ಪಳ ಕೇಳತೈತೇನ?” ಎಂದೆ.

ಉಳಿದವರೆಲ್ಲ ಹೋ ಎಂದು ನಕ್ಕರು. ಅವನು ನಗಲಿಲ್ಲ. ಕತ್ತನ್ನು ಒಂದು ಬದಿಗೆ ವಾಲಿಸಿ, ಕಣ್ಣು ಮುಚ್ಚಿ, ಖರೆಖರೆ ಕೇಳಿಸಿಕೊಂಡ. ಸಮುದ್ರದ ಭೋರಿನ ಆಚೆ ಏನಾದರೂ ಇದೆಯೇ ಎಂದು ಹುಡುಕುವವನಂತೆ ಬಹಳ ಹೊತ್ತು ಹಾಗೆಯೇ ನಿಂತ. ನಗುತ್ತಿದ್ದವರ ಬಾಯಿ ಒಂದೊಂದಾಗಿ ಮುಚ್ಚಿತು.

“ಇಲ್ರಿ” ಎಂದ. ಕುಡಿದುಬಿಟ್ಟ.

ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಮೇಲ್ವಿಚಾರಕ ತಲೆ ಬಾಗಿಸಿ ಹೋದ. ಖಾಲಿ ಗ್ಲಾಸು ಒಯ್ದುಕೊಟ್ಟು ಗೆಳೆಯ ಎರಡನೆಯದನ್ನು ತಂದ. ಅದನ್ನು ಯಾರ ಮುಂದೆಯೂ ಇಡಲಿಲ್ಲ.

ಊರಿಗೆ ಬಂದ ಮೇಲೆ ಅವನ ಹೆಂಡತಿ ಬುತ್ತಿಯ ಬಟ್ಟೆ ಒಯ್ಯಲು ಅಂಗಡಿಗೆ ಬಂದು, “ಛಲೋ ಆತೇನ್ರಿ ಅಣ್ಣಾರ?” ಎಂದಳು. “ಛಲೋ ಆತವಾ” ಎಂದೆ. ಗೆಳೆಯನೂ ಬನಹಟ್ಟಿಯಲ್ಲಿ ಮುಟ್ಟಲಿಲ್ಲ. ಮೊದಲಿನಂತೆ ಬೆಳಿಗ್ಗೆ ಆರಕ್ಕೆ ಮಗ್ಗ ಹಚ್ಚುತ್ತಿದ್ದ. ಗೋವಾದ ಮಾತು ಗೋವಾದಲ್ಲೇ ಉಳಿಯಿತು ಎಂದು ನಾನು ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಮೊದಲು ಕೇಳಿದ್ದು ಬೆಳಗಾವಿಯ ಸುದ್ದಿ. ಮಗ್ಗದ ಸಾಮಾನು ತರಲು ಹೋದವನು ಅಲ್ಲಿ ಕುಡಿದು ಬಂದನಂತೆ. ಬೆಳಗಾವಿ ದೂರವೇ, ಹೋಗಲಿ ಎಂದುಕೊಂಡೆ. ಕೆಲವು ತಿಂಗಳಾದ ಮೇಲೆ ಮುಧೋಳದಲ್ಲಿ ಕಂಡೆ ಎಂದರು. ಆಮೇಲೆ ಜಮಖಂಡಿ. ಪ್ರತಿಸಲವೂ ಸೀಮೆ ಊರಿಗೆ ಇಷ್ಟಿಷ್ಟೇ ಹತ್ತಿರ ಬರುತ್ತಿತ್ತು. ಅವನು ಸುಳ್ಳುಗಾರನಲ್ಲ, ಇದನ್ನು ಒತ್ತಿ ಹೇಳಬೇಕು. ಆಣೆಯನ್ನು ಅವನು ಮುರಿದಿರಲಿಲ್ಲ, ನಾನು ಕೊಟ್ಟ ಅಳತೆಯಿಂದ ಅಳೆಯುತ್ತಿದ್ದ. ಜಮಖಂಡಿ ರಸ್ತೆಯಲ್ಲಿ ಮೋಟರ್‌ಸೈಕಲ್ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಕತ್ತು ವಾಲಿಸಿ ನಿಂತಿರುವುದನ್ನು ಬಹಳ ಜನ ನೋಡಿದ್ದರು.

“ನಿಮ್ಮ ದೋಸ್ತ ನಡುದಾರ್ಯಾಗ ನಿಂತು ಏನ್ ಕೇಳತಾನ್ರಿ? ಫೋನ್ ಕೈಯಾಗ ಇರೂದಿಲ್ಲ, ಏನಿಲ್ಲ” ಎಂದು ಅಂಗಡಿಗೆ ಬಂದ ಆಟೋದವ ಕೇಳಿ ನಕ್ಕ. ನೂಲಿನ ಕಟ್ಟು ಎಣಿಸುತ್ತಿದ್ದ ನನಗೆ ಎಣಿಕೆ ತಪ್ಪಿತು.

ಒಂದು ಮಧ್ಯಾಹ್ನ, ಊಟದ ಹೊತ್ತಿಗೆ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಅವನ ಹೆಂಡತಿ ಬಂದು ಕಟ್ಟೆಯ ಮೇಲೆ ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ.

“ಅಣ್ಣಾರ, ಅದೇನೋ ಮೀನಿನ ಕಥಿ ಅಂತ. ಡೊಳ್ಳ ಕೇಳೂದಿಲ್ಲಂದ್ರ ಆಣಿ ಇಲ್ಲಂತ. ಕೇಳಿದ್ರ ಅದನ್ನ ಹೇಳತಾರ. ನೀವ ಹೇಳಿದ್ದಂತ. ಖರೆ ಏನ್ರಿ?”

“ನಮ್ಮ ಮುತ್ಯಾ ಹೇಳತಿದ್ದ ತಂಗಿ.”

“ಮುತ್ಯಾಗ ಹೇಳಿದವರು ಯಾರ್ರಿ? ಯಾವ ಊರಿನ ಕುರಿಗಾರರು? ಇದ್ರ ನಾ ಹೋಗಿ ಕಾಲ ಹಿಡಿದು ಕೇಳತೇನಿ. ಇದಕ್ಕ ಬಿಡುಗಡಿ ಏನಂತ ಕೇಳತೇನಿ.”

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗುತ್ತಿರಲಿಲ್ಲ. ಆದರೆ ನನ್ನ ಬಾಯಿ ಹೇಳಿದ್ದೇ ಬೇರೆ. “ಮುತ್ಯಾ ತೀರಿಕೊಂಡ ಭಾಳ ವರ್ಷ ಆತವಾ. ಈಗ ಯಾರನ್ನ ಕೇಳೂದು?”

ಅವಳು ಸುಮ್ಮನಿರುವವಳಲ್ಲ. ಅಮಾವಾಸ್ಯೆಗೆ ಗಲಗಲಿಗೆ ಹೋಗಿ, ಗಂಡ ಭಂಡಾರ ಹಿಡಿದಾಗ ಎದುರಿಗೆ ಕೂತಿದ್ದ ಹಿರಿಯನನ್ನೇ ಕೇಳಿದಳು. ಆತ ಹೇಳಿದ್ದನ್ನು ಮರುದಿನ ಬಂದು ನನಗೂ ಹೇಳಿದಳು. “ಸೀಮಿ ದೇವರಿಗೆ ಇರತೈತಿ, ಭಂಡಾರಕ್ಕ ಎಲ್ಲೀ ಸೀಮಿ? ಅದು ಹಿಡದಾವನ ಕೈಯಾಗ ಇರತೈತಿ. ಕೈ ಹೋದಲ್ಲಿ ಅದೂ ಹೋಗತೈತಿ” ಎಂದನಂತೆ. ಇಂಥ ಮಾತು ನನ್ನ ಮುತ್ಯಾ ಆಡುವಂಥದು. ಕೇಳಿ ಮುಖ ತಗ್ಗಿಸಿದೆ.

“ಅದನ್ನ ಮನಿಗೆ ಹೋಗಿ ಇವರಿಗೆ ಹೇಳಿದೆ ಅಣ್ಣಾರ. ಒಪ್ಪವಲ್ರು. ಈ ಹಿರ್ಯಾಗ ಗೊತ್ತಿಲ್ಲ, ಆ ಮುತ್ಯಾಗ ಗೊತ್ತಿತ್ತು ಅಂತಾರ.”

ಅಂದರೆ ಬಿಡಿಸುವವನು ನಾನೊಬ್ಬನೇ ಉಳಿದೆ. ನಾಳೆ ಹೋಗುತ್ತೇನೆ ಎಂದುಕೊಂಡೆ. ನಾಳೆ ಅಂಗಡಿಗೆ ಲಾರಿ ಬಂತು. ನಾಡಿದ್ದು ಬೀಗರ ಮನೆಯಲ್ಲಿ ಸೀಮಂತ. ಹೀಗೆ ನಾಲ್ಕು ವಾರ ತಳ್ಳಿದೆ. ಆ ನಾಲ್ಕನೆಯ ವಾರ, ಬನಹಟ್ಟಿ ದಾಟಿ ಒಂದು ಮೈಲಿಯೂ ಇಲ್ಲದ ಒಂದು ಧಾಬಾದಿಂದ ಹೊರಟವನು ಮೋಟರ್‌ಸೈಕಲ್ ಸಮೇತ ರಸ್ತೆ ಬದಿಗೆ ಬಿದ್ದ. ಸೀಮೆ ಅಷ್ಟು ಹತ್ತಿರ ಬಂದಿತ್ತು. ಜೀವಕ್ಕೇನೂ ಆಗಲಿಲ್ಲ. ಬಲಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಮುರಿದವು. ಪಟ್ಟಿ ಬಿಚ್ಚಿದ ಮೇಲೆ ಎರಡೂ ಮಡಚಲಿಲ್ಲ. ಮಗ್ಗದವನಿಗೆ ಆ ಎರಡು ಬೆರಳೇ ಬೇಕು. ಹರಿದ ಎಳೆಗೆ ಗಂಟು ಬೀಳುವುದು ಅವುಗಳ ನಡುವೆಯೇ.

ಪಟ್ಟಿ ಬಿಚ್ಚಿದ ಸುದ್ದಿ ಕೇಳಿದ ದಿನವೇ ಅವನ ಮನೆಗೆ ಹೋದೆ. ಎರಡು ಮಗ್ಗ ನಿಂತಿದ್ದವು, ಎರಡು ನಡೆಯುತ್ತಿದ್ದವು. ಹೆಂಡತಿ ಎಳೆ ಹುಡುಕುತ್ತಿದ್ದಳು. ಅವನು ಎಡಗೈಯಿಂದ ಎಲ್ಲಿ ಹರಿದಿದೆ ಎಂದು ತೋರಿಸುತ್ತಿದ್ದ. ಮಗ್ಗದ ಸದ್ದಿನಲ್ಲಿ ನನ್ನ ಮಾತು ಕೇಳಿಸಲಿಲ್ಲ. ಅವನು ಕೈ ಚಾಚಿ ಎರಡನ್ನೂ ಬಂದ್ ಮಾಡಿದ. ಆ ನಿಶ್ಶಬ್ದದಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು.

“ತಮ್ಮಾ, ಆ ಕಥಿ ನಮ್ಮ ಮುತ್ಯಾಂದಲ್ಲ. ಅಲ್ಲೇ ನಿಂತಲ್ಲೇ ನಾನ ಕಟ್ಟಿದ್ದು.”

ಅವನು ನನ್ನ ಮುಖ ನೋಡಿದ. “ನನ್ನ ಸಲವಾಗಿ ಸುಳ್ಳ ಹೇಳಾಕತ್ತೀರಿ. ಇಕೀ ಕಳಸ್ಯಾಳ.”

“ನಾ ಕಳಸಿಲ್ಲ” ಎಂದಳು ಹೆಂಡತಿ.

“ಖರೆ ಹೇಳಾಕತ್ತೇನೋ.”

“ಹಂಗಾರ ಹಿಡಿದು ಹೇಳ್ರಿ.”

ಗೋಡೆಯ ಗೂಡಿನಿಂದ ಹೆಂಡತಿ ಭಂಡಾರದ ಚೀಲ ತಂದಳು. ಅವನು ಕಂಬಳಿ ಹಾಸಿದ, ನಾನು ಕೂತೆ. ಅವಳು ನನ್ನ ಅಂಗೈಗೆ ಒಂದು ಚಿಟಿಕೆ ಹಾಕಿದಳು. ಅಂಗೈ ಮುಂದೆ ಚಾಚಿ ಹೇಳಿದೆ.

“ಆ ಕಥಿ ಸುಳ್ಳು. ನಾನ ಹುಟ್ಟಿಸಿದ್ದು.”

“ಕುರಿಗಾರ?”

“ಸುಳ್ಳು.”

“ಮೀನ?”

“ಅದೂ ಸುಳ್ಳು.”

“ಡೊಳ್ಳಿನ ಮಾತು?”

“ಅದೂ ನಾನ ಆಡಿದ್ದು ತಮ್ಮಾ.”

ಅವನು ನನ್ನ ಅಂಗೈಯ ಅರಿಸಿನ ನೋಡಿದ. ಬೈದಿದ್ದರೆ ಹಗುರಾಗುತ್ತಿದ್ದೆ. ಚಪ್ಪಲಿಯಲ್ಲಿ ಹೊಡೆದಿದ್ದರೂ ಸರಿಯೇ.

“ಭಾಳ ಛಲೋ ಹೇಳಿದ್ರಿ ಆವತ್ತ” ಎಂದ. “ನಮ್ಮಪ್ಪ ಹೇಳಿದಂಗ ಅನಿಸಿತ್ತ ನನಗ.”

ಎದ್ದು ಹೋಗಿ ಎಡಗೈಯಿಂದ ಮಗ್ಗ ಹಚ್ಚಿದ. ಇನ್ನು ಮಾತು ಕೇಳಿಸುವಂತಿರಲಿಲ್ಲ. ಹೆಂಡತಿ ನನ್ನನ್ನು ಬಾಗಿಲ ತನಕ ಕಳಿಸಲು ಬರಲಿಲ್ಲ. ಮನೆಗೆ ಬಂದು ಕೈ ತೊಳೆಯಲು ಮನಸ್ಸಾಗದೆ ಸಂಜೆಯ ತನಕ ಮುಷ್ಟಿ ಹಿಡಿದೇ ಕೂತಿದ್ದೆ. ನನ್ನ ಹೆಂಡತಿ ಕೇಳಿದಳು, ಹೇಳಿದೆ. “ಮುತ್ಯಾನ ಹೆಸರ ಹೇಳಿ ಹಿಂಗ ಮಾಡಿದ್ರೇನ?” ಎಂದಳು. ಅಷ್ಟೇ ಎಂದದ್ದು.

ಮುಂದಿನ ಅಮಾವಾಸ್ಯೆಗೆ ಅವನು ಗಲಗಲಿಗೆ ಹೋಗಿ ಮತ್ತೆ ಭಂಡಾರ ಹಿಡಿದು ಬಂದನೆಂದು ಕೇಳಿದೆ. ಮುರಿದ ಕೈ ಚಾಚಲು ಹೋದಾಗ ಹಿರಿಯ, ಯಾವ ಕೈಯಾದರೂ ನಡೆಯುತ್ತದೆ ಎಂದನಂತೆ. ರಸ್ತೆಯಲ್ಲಿ ಅವನು ನಿಲ್ಲುವುದನ್ನು ಆಮೇಲೆ ಯಾರೂ ಕಾಣಲಿಲ್ಲ. ನೂಲನ್ನು ಬೇರೆ ಅಂಗಡಿಯಿಂದ ಒಯ್ಯತೊಡಗಿದ. ಮರುವರ್ಷ ಕಂಪನಿಯವರು ಮತ್ತೆ ಸಮುದ್ರಕ್ಕೆ ಕರೆದರು, ನಾನು ಹೋಗಲಿಲ್ಲ. ಹೋದವರು ಬಂದು, ಈಗ ದಿನಕ್ಕೆ ನಾಲ್ಕೇ ಗ್ಲಾಸು ಮಾಡಿದ್ದಾರೆ ಎಂದು ಗೊಣಗಿದರು.

ನಾಲ್ಕೈದು ವರ್ಷ ನಾವಿಬ್ಬರೂ ಎದುರಾದರೆ ತಲೆಯಷ್ಟೇ ಆಡಿಸುತ್ತಿದ್ದೆವು. ಆಮೇಲೆ ಒಂದು ದಿನ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಮನೆಗೆ ಬಂದರು. ಮಗಳ ಮದುವೆ. ಹೆಂಡತಿ ನನ್ನ ಮನೆಯವಳಿಗೆ ಕುಂಕುಮ ಹಚ್ಚಿ ಕರೆದಳು. ಅವನು ಕಾರ್ಡನ್ನು ನನ್ನ ಕೈಗೆ ಕೊಟ್ಟ.

“ಬರ್ರಿ” ಎಂದ. “ಮುಂಜಾನೇನ ಬರ್ರಿ, ಉಂಡು ಹೋಗ್ರಿ. ಕಥಿ ಹೇಳಬ್ಯಾಡ್ರಿ.”

“ಆತು” ಎಂದೆ.

ಮದುವೆಗೆ ಹೋದೆ. ಅವನ ಅಳಿಯ ಬೀಳಗಿಯ ಕಡೆಯ ಹುಡುಗ. ಅಕ್ಷತೆ ಬಿದ್ದ ಮೇಲೆ ಬಡಿಸುವವರು ಕಡಿಮೆ ಬಿದ್ದರು. ನಾನು ನೀರಿನ ಜಗ್ಗು ಹಿಡಿದು ಪಂಕ್ತಿಯ ಉದ್ದಕ್ಕೂ ನಡೆದೆ. ಒಂದು ತುದಿಯಲ್ಲಿ ಅವನು ಎಡಗೈಯಿಂದ ಸಾರಿನ ಬಕೆಟ್ಟು ಹಿಡಿದು, ಮಡಚದ ಬೆರಳುಗಳ ನಡುವೆ ಸೌಟು ಸಿಗಿಸಿಕೊಂಡು ಬಡಿಸುತ್ತಿದ್ದ. ಸೌಟು ಜಾರಿತು. ಜಗ್ಗು ಕೆಳಗಿಟ್ಟು ಹೋಗಿ ಬಕೆಟ್ಟು ಹಿಡಿದುಕೊಂಡೆ. ಅವನು ಬಿಟ್ಟುಕೊಟ್ಟ. ಪಂಕ್ತಿ ಮುಗಿಯುವ ತನಕ ನಾನು ಬಕೆಟ್ಟು ಹಿಡಿದು ಮುಂದೆ ನಡೆದೆ, ಅವನು ಎಡಗೈಯಲ್ಲಿ ಸೌಟು ಹಿಡಿದು ಬಡಿಸುತ್ತ ಬಂದ.